ಐನೂರು ಫೋಟೋ, ಅರವತ್ತನಾಲ್ಕು ಪುಟ: ನಿಮ್ಮ ಫೋಟೋ ಪುಸ್ತಕ ನೀವೇ ಮಾಡುವುದು ಹೇಗೆ

ನಾನು ಮಾಡಿದ ಮೊದಲ ಫೋಟೋ ಪುಸ್ತಕದಲ್ಲಿ ಅಜ್ಜಿಗೆ ಅರ್ಧ ಮೂಗು ಮಾತ್ರ ಇದೆ. ಉಳಿದರ್ಧ ಬೈಂಡಿಂಗಿನ ಒಳಗೆ ಹೋಗಿದೆ. ಎರಡು ಪುಟಕ್ಕೂ ಹರಡಿದ ದೊಡ್ಡ ಫೋಟೋ ಅದು, ಸ್ಕ್ರೀನ್ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು! ಸ್ಕ್ರೀನಿಗೆ ನಡುವೆ ಮಡಿಕೆ ಇರುವುದಿಲ್ಲ, ಅಲ್ವಾ? ಪುಸ್ತಕಕ್ಕೆ ಇರುತ್ತದೆ. ಅದೇ ಪುಸ್ತಕದಲ್ಲಿ ಸಂಜೆ ತೆಗೆದ ಫೋಟೋಗಳೆಲ್ಲ ಮಸಿ ಬಳಿದ ಹಾಗೆ ಬಂದವು. ಚಿಕ್ಕಮ್ಮನ ಹೆಸರಿನಲ್ಲಿ ಒಂದು ಒತ್ತು ಕಾಣೆಯಾಗಿತ್ತು.

ಈ ತಪ್ಪುಗಳೆಲ್ಲ ಹುಟ್ಟಿದ್ದು ಒಂದೇ ಕಡೆ. ನಾನು ಮೊದಲ ದಿನವೇ ಸಾಫ್ಟ್‌ವೇರ್ ತೆರೆದು ಕೂತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಫೋಟೋ ಪುಸ್ತಕದ ಮುಕ್ಕಾಲು ಕೆಲಸ ನೆಲದ ಮೇಲೆ, ಕತ್ತರಿ ಮತ್ತು ಚಿಕ್ಕ ಪ್ರಿಂಟ್‌ಗಳ ಜೊತೆ ಮುಗಿಯಬೇಕು. ಕಂಪ್ಯೂಟರ್ ಬರುವುದು ಆಮೇಲೆ.

ಮೊದಲು ಒಂದು ಸಾಲು ಬರೆಯಿರಿ

ಪುಸ್ತಕ ಯಾವುದರ ಬಗ್ಗೆ ಎಂದು ಒಂದೇ ಸಾಲಿನಲ್ಲಿ ಬರೆದು ಗೋಡೆಗೆ ಅಂಟಿಸಿ. "ನಮ್ಮ ಕುಟುಂಬ" ಎಂದು ಬರೆದರೆ ಸಾಲದು, ಅದರೊಳಗೆ ಎಲ್ಲವೂ ಬಂದುಬಿಡುತ್ತದೆ. "ಮನೆ ಖಾಲಿ ಮಾಡುವ ಮುಂಚಿನ ಕೊನೆಯ ಮೂರು ತಿಂಗಳು" ಎಂದು ಬರೆದರೆ ಯಾವ ಫೋಟೋ ಬೇಕು, ಯಾವುದು ಬೇಡ ಎಂದು ಆ ಸಾಲೇ ಹೇಳುತ್ತದೆ. ಅದರ ಕೆಳಗೆ ಇನ್ನೆರಡು ವಿಷಯ ಬರೆದುಕೊಳ್ಳಿ: ಯಾರು ನೋಡಲಿ ಅಂತ ಮಾಡುತ್ತಿದ್ದೀರಿ, ಎಷ್ಟು ಪ್ರತಿ ಬೇಕು. ಮನೆಯವರಿಗೆ ಐದು ಪ್ರತಿ ಮಾಡುವುದೇ ಬೇರೆ, ಅಪರಿಚಿತರಿಗೆ ಇನ್ನೂರು ಪ್ರತಿ ಮಾರುವುದೇ ಬೇರೆ. ಮನೆಯವರಿಗೆ ಫೋಟೋದಲ್ಲಿ ಯಾರಿದ್ದಾರೆ ಎಂದು ಗೊತ್ತಿರುತ್ತದೆ. ಅಪರಿಚಿತರಿಗೆ ಫೋಟೋ ತಾನೇ ಮಾತಾಡಬೇಕು.

ಮೂಲ ಫೈಲ್ ಹುಡುಕುವ ಕೆಲಸ

ಇದು ಬೇಜಾರಿನ ಕೆಲಸ, ಆದರೆ ತಪ್ಪಿಸಿಕೊಳ್ಳುವ ಹಾಗಿಲ್ಲ. ವಾಟ್ಸಾಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದ ಫೋಟೋ ಕುಗ್ಗಿರುತ್ತದೆ. ಉದ್ದದ ಬದಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿದಿರುತ್ತದೆ. ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕು ಎಂಬುದು ವಾಡಿಕೆಯ ಲೆಕ್ಕ. ಅಂದರೆ ಆ ಫೋಟೋ ಐದು ಇಂಚಿಗಿಂತ ಸ್ವಲ್ಪ ಜಾಸ್ತಿ ಅಗಲಕ್ಕೆ ಮಾತ್ರ ಸಾಕಾಗುತ್ತದೆ. ಅದೇ ಫೋನಿನ 12 ಮೆಗಾಪಿಕ್ಸೆಲ್ ಮೂಲ ಫೈಲ್ 4000 x 3000 ಪಿಕ್ಸೆಲ್ ಇರುತ್ತದೆ, 13 x 10 ಇಂಚಿಗೆ ಆರಾಮವಾಗಿ ಸಾಲುತ್ತದೆ. ಆದ್ದರಿಂದ ನೆಂಟರ ಹತ್ತಿರ ಕೇಳುವಾಗ "ಡಾಕ್ಯುಮೆಂಟ್ ಆಗಿ ಕಳಿಸಿ" ಎಂದು ಹೇಳಿ.

ಹಳೆಯ ಅಚ್ಚು ಫೋಟೋ ಇದ್ದರೆ ಸ್ಕ್ಯಾನ್ ಮಾಡಿ. ಇದ್ದ ಅಳತೆಯಲ್ಲೇ ಹಾಕುವುದಾದರೆ 300 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ) ಸಾಕು, ಎರಡು ಪಟ್ಟು ದೊಡ್ಡದು ಮಾಡುವುದಾದರೆ 600. ಸ್ಕ್ಯಾನರಿನ ಗಾಜು ಒರೆಸಿಕೊಳ್ಳಿ. ಬಣ್ಣ ತಾನೇ ಸರಿಮಾಡುವ ಆಯ್ಕೆಯನ್ನು ಆಫ್ ಮಾಡಿ. ಮಾಸಿದ ಹಳದಿ ಬಣ್ಣ ಇಷ್ಟವೋ ಇಲ್ಲವೋ ಎಂದು ನಿರ್ಧರಿಸಬೇಕಾದವರು ನೀವು, ಯಂತ್ರವಲ್ಲ. ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿ, ಬೇರೆ ಡ್ರೈವಿನಲ್ಲಿ ಇನ್ನೊಂದು ಪ್ರತಿ ಇಟ್ಟುಬಿಡಿ.

ನೆಲದ ಮೇಲೆ ಹರಡಿ

ಈಗ ನಿಜವಾದ ಕೆಲಸ. ನಿಮ್ಮ ಹತ್ತಿರ ಐನೂರು ಫೋಟೋ ಇದೆ ಅಂದುಕೊಳ್ಳಿ. ಮೊದಲ ಸುತ್ತಿನಲ್ಲಿ ಬೇಗ ಬೇಗ ನೋಡಿ, ನೂರೈವತ್ತಕ್ಕೆ ಇಳಿಸಿ. ಇಲ್ಲಿ ಯೋಚನೆ ಬೇಡ, ಕಣ್ಣು ನಿಂತರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮುಂದೆ ಹೋಗಿ. ಆ ನೂರೈವತ್ತನ್ನು ಒಂದು ಹಾಳೆಗೆ ಒಂಬತ್ತರಂತೆ ಸಾದಾ ಕಾಗದದ ಮೇಲೆ ಪ್ರಿಂಟ್ ತೆಗೆಯಿರಿ. ಹದಿನೇಳು ಹಾಳೆ ಆಗುತ್ತದೆ. ಕತ್ತರಿಸಿ. ನೆಲದ ಮೇಲೆ ಹರಡಿ. ಫ್ಯಾನ್ ಆಫ್ ಮಾಡುವುದನ್ನು ಮರೆಯಬೇಡಿ. ನಾನು ಮರೆತಿದ್ದೆ.

ಎರಡನೇ ಸುತ್ತಿನಲ್ಲಿ ಒಂದೇ ಕೆಲಸ ಮಾಡುವ ಫೋಟೋಗಳನ್ನು ಗುಂಪು ಮಾಡಿ. ಬಾಗಿಲಲ್ಲಿ ನಿಂತ ಅಜ್ಜಿ ಏಳು ಸಲ ಬಂದಿದ್ದರೆ ಒಂದನ್ನು ಮಾತ್ರ ಉಳಿಸಿ. ಇಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಕಷ್ಟಪಟ್ಟು ತೆಗೆದ ಫೋಟೋ ಚೆನ್ನಾಗಿರಲೇಬೇಕು ಅಂತ ನಮಗೆ ಅನಿಸುತ್ತದೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ತೆಗೆದಿರಬಹುದು, ಆದರೆ ನೋಡುವವರಿಗೆ ನಾಲ್ಕು ಗಂಟೆ ಕಾಣುವುದಿಲ್ಲ. ಅರವತ್ತು ಎಪ್ಪತ್ತಕ್ಕೆ ಇಳಿದರೆ 64 ಪುಟದ ಪುಸ್ತಕಕ್ಕೆ ಬೇಕಾದಷ್ಟಾಯಿತು, ಕೊನೆಗೆ ನಲವತ್ತೈದೇ ಉಳಿಯಬಹುದು. ಕೈಬಿಟ್ಟವನ್ನು ಎಸೆಯಬೇಡಿ, ಒಂದು ಲಕೋಟೆಯಲ್ಲಿ ಹಾಕಿಡಿ. ಕೆಲವೊಮ್ಮೆ ಎರಡು ಬಲವಾದ ಫೋಟೋಗಳ ನಡುವೆ ಉಸಿರು ಬಿಡಲು ಒಂದು ಸುಮ್ನಿರುವ ಫೋಟೋ ಬೇಕಾಗುತ್ತದೆ. ಖಾಲಿ ಗೋಡೆ, ಮಳೆ ನಿಂತ ಅಂಗಳ, ಅಂಥದ್ದು. ಅದು ಹೆಚ್ಚಾಗಿ ಸಿಗುವುದು ಆ ಲಕೋಟೆಯಲ್ಲೇ.

ಎದುರುಬದುರು ಪುಟ

ಪುಸ್ತಕ ತೆರೆದಾಗ ಒಂದು ಪುಟ ಕಾಣುವುದಿಲ್ಲ, ಎರಡು ಕಾಣುತ್ತವೆ. ಆಲ್ಬಮ್ಮಿಗೂ ಪುಸ್ತಕಕ್ಕೂ ವ್ಯತ್ಯಾಸ ಇರುವುದು ಇಲ್ಲೇ ಎಂದು ನನಗೆ ಅನಿಸುತ್ತದೆ. ಆಲ್ಬಮ್ಮಿನಲ್ಲಿ ಫೋಟೋಗಳು ಪಕ್ಕದಲ್ಲಿ ಇರುತ್ತವೆ, ಅಷ್ಟೇ. ಪುಸ್ತಕದಲ್ಲಿ ಒಂದರ ಪಕ್ಕ ಇನ್ನೊಂದು ಯಾಕಿದೆ ಎಂಬುದಕ್ಕೆ ಕಾರಣ ಇರಬೇಕು.

ಒಂದು ಉದಾಹರಣೆ ಹೇಳುತ್ತೇನೆ. ಅಜ್ಜಿಯ ಕನ್ನಡಕದ ಕಡ್ಡಿ ಮುರಿದಿತ್ತು. ಅದಕ್ಕೆ ಅವರು ಬಿಳಿ ದಾರ ಸುತ್ತಿಕೊಂಡಿದ್ದರು. ಆ ಫೋಟೋವನ್ನು ಅವರ ನಗುಮುಖದ ಫೋಟೋ ಪಕ್ಕ ಇಟ್ಟಿದ್ದೆ. ಚೆನ್ನಾಗಿತ್ತು, ಆದರೆ ಏನೂ ಆಗುತ್ತಿರಲಿಲ್ಲ. ಎರಡು ದಿನ ನೆಲದ ಮೇಲೆ ಹಾಗೇ ಬಿಟ್ಟಿದ್ದೆ. ಮೂರನೇ ದಿನ ಕಸ ಗುಡಿಸುವಾಗ ಇನ್ನೊಂದು ಚೂರು ಕಣ್ಣಿಗೆ ಬಿತ್ತು. ಅಡುಗೆಮನೆ ಕಿಟಕಿಯ ಸಡಿಲವಾದ ಚಿಲಕ. ಅದಕ್ಕೂ ಅದೇ ದಾರ ಕಟ್ಟಿದ್ದರು! ಫೋಟೋ ತೆಗೆಯುವಾಗ ನಾನದನ್ನು ಗಮನಿಸಿರಲೇ ಇಲ್ಲ. ಎಡಕ್ಕೆ ಕನ್ನಡಕ, ಬಲಕ್ಕೆ ಚಿಲಕ ಇಟ್ಟೆ. ಕೆಳಗೆ ಒಂದಕ್ಷರ ಬರೆಯಬೇಕಾಗಲಿಲ್ಲ. ಆ ಪುಟ ತೆರೆದವರೆಲ್ಲ ಅಜ್ಜಿಯನ್ನು ಗುರುತು ಹಿಡಿದರು, ಅವರ ಮುಖ ಆ ಎರಡರಲ್ಲೂ ಇಲ್ಲ.

ಜೋಡಿ ಹುಡುಕುವಾಗ ಆಕಾರ, ಬಣ್ಣ, ಕೈಯ ಚಲನೆ, ನೋಟದ ದಿಕ್ಕು ನೋಡಿ. ಎಡಪುಟದಲ್ಲಿರುವವರು ಬಲಕ್ಕೆ ನೋಡುತ್ತಿದ್ದರೆ ಓದುಗರ ಕಣ್ಣೂ ಬಲಕ್ಕೆ ಹೋಗುತ್ತದೆ. ಪುಸ್ತಕದ ಹೊರಗೆ ನೋಡುತ್ತಿದ್ದರೆ ಕಣ್ಣೂ ಹೊರಗೆ ಹೋಗುತ್ತದೆ. ಎಲ್ಲ ಪುಟ ತುಂಬಿಸಬೇಡಿ. ಎಡಪುಟ ಖಾಲಿ ಬಿಟ್ಟು ಬಲಕ್ಕೆ ಒಂದೇ ಫೋಟೋ ಇಟ್ಟರೆ ಅದಕ್ಕೆ ತೂಕ ಬರುತ್ತದೆ. ಆದರೆ ಪ್ರತಿ ಸಲ ಹಾಗೆ ಮಾಡಿದರೆ ತೂಕವೂ ಇಲ್ಲ, ಕಾಗದವೂ ದಂಡ.

ಡಮ್ಮಿ

ಕ್ರಮ ಒಂದು ಹಂತಕ್ಕೆ ಬಂದ ಮೇಲೆ ಸಾದಾ ಹಾಳೆ ಮಡಚಿ, ನಡುವೆ ಪಿನ್ ಹೊಡೆದು, ಚಿಕ್ಕ ಪ್ರಿಂಟ್‌ಗಳನ್ನು ಅಂಟಿಸಿ. ಇದೇ ಡಮ್ಮಿ. ಅಂಟಿಗಿಂತ ಕಿತ್ತು ಮತ್ತೆ ಹಚ್ಚಬಹುದಾದ ಟೇಪ್ ಒಳ್ಳೆಯದು. ಯಾರಿಗಾದರೂ ಕೊಟ್ಟು ನೀವು ಸುಮ್ನೆ ಕೂತು ನೋಡಿ. ಏನೂ ವಿವರಿಸಬೇಡಿ. ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಎರಡು ಪುಟ ಒಟ್ಟಿಗೆ ತಿರುಗಿಸುತ್ತಾರೆ, ಎಲ್ಲಿ ಹಿಂದೆ ಹೋಗಿ ನೋಡುತ್ತಾರೆ ಎಂದು ಗುರುತು ಹಾಕಿಕೊಳ್ಳಿ. "ಚೆನ್ನಾಗಿದೆ" ಅನ್ನುವ ಮಾತಿಗಿಂತ ಬೆರಳು ಹೇಳುವುದು ಜಾಸ್ತಿ.

ಅಳತೆ, ಕಾಗದ, ಬೈಂಡಿಂಗ್

ಸಾಫ್ಟ್‌ವೇರ್ ತೆರೆಯುವ ಮುಂಚೆ ಮುದ್ರಕರ ಹತ್ತಿರ ಮಾತಾಡಿ. ಅವರ ಯಂತ್ರಕ್ಕೆ ಯಾವ ಅಳತೆ ಹೊಂದುತ್ತದೆ, ಯಾವ ಅಳತೆಗೆ ಕಾಗದ ಕಡಿಮೆ ಪೋಲಾಗುತ್ತದೆ ಎಂದು ಕೇಳಿ. ಅರ್ಧ ಇಂಚು ಕಡಿಮೆ ಮಾಡಿದ್ದಕ್ಕೇ ಖರ್ಚು ಗಣನೀಯವಾಗಿ ಇಳಿಯಬಹುದು. ನಿಮ್ಮ ಫೋಟೋಗಳು ಹೆಚ್ಚಾಗಿ ಅಡ್ಡಕ್ಕಿದ್ದರೆ ಅಡ್ಡ ಪುಸ್ತಕ, ಉದ್ದಕ್ಕಿದ್ದರೆ ಉದ್ದ ಪುಸ್ತಕ. ಎರಡೂ ಸಮವಾಗಿದ್ದರೆ ಚೌಕ. ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬೇಡ.

ಬೈಂಡಿಂಗ್ ಬಗ್ಗೆ ಮಾತ್ರ ಕೆಡಿಸಿಕೊಳ್ಳಿ. ನಡುವೆ ಪಿನ್ ಹೊಡೆಯುವ ಬೈಂಡಿಂಗಿನಲ್ಲಿ ಪುಟಗಳ ಲೆಕ್ಕ ನಾಲ್ಕರಿಂದ ಭಾಗವಾಗಬೇಕು, ಯಾಕೆಂದರೆ ಒಂದು ಹಾಳೆ ಮಡಚಿದರೆ ನಾಲ್ಕು ಪುಟ. 48 ಪುಟ ದಾಟಿದರೆ, ಅದೂ ದಪ್ಪ ಕಾಗದವಾದರೆ, ಪುಸ್ತಕ ಬಾಯಿ ಬಿಟ್ಟುಕೊಳ್ಳುತ್ತದೆ. ಬೆನ್ನಿಗೆ ಅಂಟು ಹಾಕುವ ಪರ್ಫೆಕ್ಟ್ ಬೈಂಡಿಂಗ್ ನೋಡಲು ಅಚ್ಚುಕಟ್ಟು, ಆದರೆ ಪೂರ್ತಿ ತೆರೆದುಕೊಳ್ಳುವುದಿಲ್ಲ. ನಮ್ಮಜ್ಜಿಯ ಮೂಗು ಹೋಗಿದ್ದು ಅದರಲ್ಲೇ. ಹೊಲಿಗೆ ಬೈಂಡಿಂಗ್ ಗಟ್ಟಿ, ಚೆನ್ನಾಗಿ ತೆರೆಯುತ್ತದೆ, ಖರ್ಚೂ ಸಮಯವೂ ಹೆಚ್ಚು. ಲೇಫ್ಲಾಟ್ ಬೈಂಡಿಂಗಿನಲ್ಲಿ ಎರಡು ಪುಟ ಒಂದೇ ಹಾಳೆಯ ಹಾಗೆ ಚಪ್ಪಟೆ ಬಿಚ್ಚಿಕೊಳ್ಳುತ್ತವೆ. ಆದರೆ ಪುಟಗಳು ದಪ್ಪವಾಗಿರುವುದರಿಂದ ಕಡಿಮೆ ಪುಟದ ಪುಸ್ತಕಕ್ಕೆ ಸರಿ.

ಕಾಗದಕ್ಕೆ 150ರಿಂದ 170 ಜಿಎಸ್‌ಎಂ, ಮುಖಪುಟಕ್ಕೆ 300 ಜಿಎಸ್‌ಎಂ ಇದ್ದರೆ ಸಾಮಾನ್ಯವಾಗಿ ಸಾಕು (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಆ ಲೆಕ್ಕ). ನುಣುಪಾದ ಆರ್ಟ್ ಪೇಪರಿನಲ್ಲಿ ಬಣ್ಣ ಎದ್ದು ಕಾಣುತ್ತದೆ, ಮಿರುಗುವ ಬಗೆಯಾದರೆ ದೀಪದ ಬೆಳಕೂ ಕಾಣುತ್ತದೆ. ಮ್ಯಾಟ್ ನನಗೆ ಇಷ್ಟ. ಲೇಪನವಿಲ್ಲದ ಕಾಗದ ಕೈಗೆ ಹಿತ, ಆದರೆ ಇಂಕು ಹೀರಿಕೊಂಡು ಫೋಟೋ ಸ್ವಲ್ಪ ಮಂಕಾಗುತ್ತದೆ. ಮಾದರಿ ಹಾಳೆ ಕೇಳಿ ಪಡೆದು, ಬೆರಳಿಂದ ಮುಟ್ಟಿ, ಬೆಳಕಿಗೆ ಹಿಡಿದು ಹಿಂದಿನ ಪುಟ ತೋರುತ್ತದೆಯೇ ನೋಡಿ. ಕಾಗದದ ನಾರು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಇರಬೇಕು ಎಂದೂ ಹೇಳಿಬಿಡಿ. ಅಡ್ಡಕ್ಕಿದ್ದರೆ ಪುಟ ತಿರುವಿದಾಗ ಸೆಟೆದುಕೊಳ್ಳುತ್ತದೆ.

ಈಗ ಕಂಪ್ಯೂಟರ್

ಇನ್‌ಡಿಸೈನ್ ಎಂಬ ಪುಟ ಜೋಡಿಸುವ ಸಾಫ್ಟ್‌ವೇರ್ ಇದ್ದರೆ ಒಳ್ಳೆಯದು. ದುಡ್ಡು ಕೊಡದೆ ಕೆಲಸ ಆಗಬೇಕೆಂದರೆ ಸ್ಕ್ರೈಬಸ್ ಇದೆ. ಮುದ್ರಿಸಿ ಮನೆಗೆ ಕಳಿಸುವ ಆನ್‌ಲೈನ್ ಸೇವೆಗಳು ತಮ್ಮದೇ ಟೂಲ್ ಕೊಡುತ್ತವೆ. ಮೊದಲ ಪುಸ್ತಕಕ್ಕೆ ಅದೂ ಆದೀತು, ಆದರೆ ಹೆಚ್ಚಾಗಿ ಆ ಫೈಲನ್ನು ಬೇರೆ ಕಡೆ ಒಯ್ಯಲು ಆಗುವುದಿಲ್ಲ.

ಹೊಸ ಫೈಲ್ ಮಾಡುವಾಗ ಎದುರುಬದುರು ಪುಟಗಳ ಆಯ್ಕೆ ಆನ್ ಇರಲಿ. ಆಮೇಲೆ ಮೂರು ಅಂತರ ಹೊಂದಿಸಿ. ಒಂದು, ಬ್ಲೀಡ್. ಅಂಚಿನವರೆಗೆ ಹೋಗುವ ಫೋಟೋ ಪುಟದ ಆಚೆಗೂ 3 ಮಿ.ಮೀ. ಚಾಚಿರಬೇಕು. ಕಟಿಂಗ್ ಯಂತ್ರ ಒಂದು ಕೂದಲೆಳೆ ಆಚೀಚೆ ಆದರೂ ಬಿಳಿ ಗೆರೆ ಉಳಿದುಬಿಡುತ್ತದೆ, ಅದಕ್ಕೆ. ಎರಡು, ಹೊರಗಿನ ಮಾರ್ಜಿನ್. ಅಕ್ಷರ, ಮುಖ ಎಲ್ಲವೂ ಅಂಚಿನಿಂದ 8-10 ಮಿ.ಮೀ. ಆದರೂ ದೂರ ಇರಲಿ. ಮೂರು, ನಡುವಿನ ಮಡಿಕೆ. ಅಂಟಿನ ಬೈಂಡಿಂಗ್ ಆದರೆ ಅಲ್ಲಿ 12 ಮಿ.ಮೀ. ಆದರೂ ಬಿಡಿ. ಎರಡು ಪುಟಕ್ಕೆ ಹರಡುವ ಫೋಟೋ ಹಾಕಲೇಬೇಕೆಂದರೆ ನಡುವೆ ಆಕಾಶ, ಗೋಡೆ, ನೆಲ ಏನಾದರೂ ಬರಲಿ. ಕಣ್ಣು ಮೂಗು ಬೇಡ.

ಫೋಟೋಗಳ ಅಳತೆಯನ್ನು ಮೂರು ನಾಲ್ಕು ಬಗೆಗೆ ಸೀಮಿತ ಮಾಡಿ. ಪುಟಪುಟಕ್ಕೂ ಹೊಸ ಅಳತೆ, ಹೊಸ ಜಾಗ ಆದರೆ ಕಣ್ಣಿಗೆ ಕುಣಿತ. ನೆರಳು, ಹೂವಿನ ಚೌಕಟ್ಟು, ಓರೆ ಫೋಟೋ, ಇವೆಲ್ಲ ಟೂಲಿನಲ್ಲಿ ಇರುತ್ತವೆ. ಇದ್ದರೆ ಇರಲಿ ಬಿಡಿ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಎಚ್ಚರಿಕೆ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತದೆ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಕಂಪೋಸರನ್ನು ವರ್ಲ್ಡ್-ರೆಡಿ ಎಂದು ಬದಲಿಸಬೇಕು. ಸ್ಕ್ರೈಬಸ್‌ನ 1.6 ಆವೃತ್ತಿಯಲ್ಲಿ ಯುನಿಕೋಡ್ ಕನ್ನಡ ಸರಿಯಾಗಿ ಬರುತ್ತದೆ, 1.4ರಲ್ಲಿ ಬರುವುದಿಲ್ಲ. ಸ್ಕ್ರೀನಿನಲ್ಲಿ ಸರಿ ಕಂಡರೂ ಪಿಡಿಎಫ್ ತೆರೆದು "ಸ್ತ್ರೀ", "ರಾಷ್ಟ್ರ", "ಲಕ್ಷ್ಮಿ" ಥರದ ಪದಗಳನ್ನು ದೊಡ್ಡದು ಮಾಡಿ ನೋಡಿ. ಚಿಕ್ಕಮ್ಮ ಈಗಲೂ ಕೇಳುತ್ತಾರೆ ತಮ್ಮ ಒತ್ತು ಎಲ್ಲಿ ಹೋಯಿತು ಅಂತ.

ಕಪ್ಪಾಗಿ ಬರುವುದೇಕೆ?

ಸ್ಕ್ರೀನಿನಿಂದ ಬೆಳಕೇ ಹೊರಗೆ ಬರುತ್ತದೆ. ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನು ಮಾತ್ರ ವಾಪಸ್ ಕೊಡುತ್ತದೆ. ಸ್ಕ್ರೀನ್ ಬೆಳಕನ್ನು ತುದಿಗೆ ಏರಿಸಿಕೊಂಡು ಫೋಟೋ ತಿದ್ದಿದರೆ, ನಿಮಗೆ ಸರಿ ಕಂಡ ಫೋಟೋ ಕಾಗದದಲ್ಲಿ ಕತ್ತಲು. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು, ಕೋಣೆಯ ಬೆಳಕಿನಲ್ಲಿ ಆ ಹಾಳೆಯೂ ಸ್ಕ್ರೀನಿನ ಬಿಳಿಯೂ ಒಂದೇ ಥರ ಕಾಣುವಷ್ಟು ಬೆಳಕು ಇಳಿಸಿ. ಆಗ ಫೋಟೋಗಳು ಮಂಕು ಅನಿಸುತ್ತವೆ. ಅವು ಇರುವುದೇ ಹಾಗೆ. ಈಗ ನೆರಳಿನ ಭಾಗ ಸ್ವಲ್ಪ ಎತ್ತಿ.

ಇನ್ನು ಬಣ್ಣ. ಸ್ಕ್ರೀನ್ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ಕಟ್ಟುತ್ತದೆ. ಮುದ್ರಣದಲ್ಲಿ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಇಂಕು. ಹೊಳೆಯುವ ನೀಲಿ, ಹೊಳೆಯುವ ಹಸಿರು ಈ ನಾಲ್ಕರಲ್ಲಿ ಪೂರ್ತಿ ಸಿಗುವುದಿಲ್ಲ. ಮುದ್ರಕರ ಹತ್ತಿರ ಐಸಿಸಿ ಪ್ರೊಫೈಲ್ (ಅವರ ಅಚ್ಚಿನಲ್ಲಿ ಬಣ್ಣ ಹೇಗೆ ಬರುತ್ತದೆ ಎಂದು ಹೇಳುವ ಫೈಲ್) ಕೇಳಿ ಪಡೆದು, ಸಾಫ್ಟ್ ಪ್ರೂಫ್ ಹಾಕಿ, ಅಂದರೆ ಅಚ್ಚಿನ ಬಣ್ಣವನ್ನು ಸ್ಕ್ರೀನಿನಲ್ಲೇ ಮೊದಲೇ ನೋಡಿಕೊಳ್ಳಿ. ಫೈಲನ್ನು ಎಸ್‌ಆರ್‌ಜಿಬಿಯಲ್ಲಿ (ಸ್ಕ್ರೀನಿನ ಬಣ್ಣ) ಕೊಡಬೇಕೋ ಸಿಎಂವೈಕೆಯಲ್ಲೋ (ನಾಲ್ಕು ಇಂಕಿನ ಬಣ್ಣ) ಎಂದೂ ಅವರನ್ನೇ ಕೇಳಿ. ನೀವೇ ಊಹಿಸಿ ಬದಲಿಸಲು ಹೋಗಬೇಡಿ. ಅಕ್ಷರಗಳು ಮಾತ್ರ ಬರೀ ಕಪ್ಪು ಇಂಕಿನಲ್ಲಿ ಇರಲಿ. ನಾಲ್ಕೂ ಇಂಕು ಸೇರಿಸಿ ಕಪ್ಪು ಮಾಡಿದರೆ ಸಣ್ಣ ಅಕ್ಷರದ ಸುತ್ತ ಬಣ್ಣದ ನೆರಳು ಬರುತ್ತದೆ.

ಮಾತು ಎಷ್ಟು ಬೇಕು?

ಕಡಿಮೆ. ಫೋಟೋದಲ್ಲಿ ಕಾಣುವುದನ್ನೇ ಅಡಿಯಲ್ಲಿ ಬರೆಯಬೇಡಿ. "ಅಜ್ಜಿ ಹೂ ಕಟ್ಟುತ್ತಿರುವುದು" ಎಂದು ಹೇಳಬೇಕಿಲ್ಲ, ಕಾಣುತ್ತದೆ. ಕಾಣದ್ದನ್ನು ಬರೆಯಿರಿ: ಯಾವ ವರ್ಷ, ಫೋಟೋ ತೆಗೆದವರು ಯಾರು, ಆ ಕುರ್ಚಿ ಆಮೇಲೆ ಏನಾಯಿತು. ಇವನ್ನೆಲ್ಲ ಕೊನೆಯ ಪುಟದಲ್ಲಿ ಒಟ್ಟಿಗೆ ಹಾಕಿದರೆ ಫೋಟೋ ಪುಟಗಳು ಸ್ವಚ್ಛವಾಗಿರುತ್ತವೆ. ಫೋಟೋದಲ್ಲಿರುವವರ ಒಪ್ಪಿಗೆ ಕೇಳಿ, ಅದರಲ್ಲೂ ಮಾರುವ ಪುಸ್ತಕವಾದರೆ. ಬೇರೆಯವರು ತೆಗೆದ ಫೋಟೋ ಬಳಸಿದರೆ ಅವರ ಅನುಮತಿ ಬರಹದಲ್ಲೇ ಇರಲಿ. ಫೋಟೋದಲ್ಲಿರುವವರು ನೀವೇ ಆಗಿದ್ದರೂ ಹಕ್ಕು ಸಾಮಾನ್ಯವಾಗಿ ತೆಗೆದವರದು.

ಪ್ರೂಫ್ ಇಲ್ಲದೆ ಮುದ್ರಿಸಬೇಡಿ

ಪಿಡಿಎಫ್ ಮಾಡುವಾಗ ಬ್ಲೀಡ್ ಮತ್ತು ಕಟಿಂಗ್ ಗುರುತು ಸೇರಿಸಿ. ಅನೇಕ ಮುದ್ರಕರು ಪಿಡಿಎಫ್/ಎಕ್ಸ್-1ಎ ಅಥವಾ ಪಿಡಿಎಫ್/ಎಕ್ಸ್-4 ಎಂಬ, ಮುದ್ರಣಕ್ಕೆಂದೇ ಇರುವ ಪಿಡಿಎಫ್ ಬಗೆ ಕೇಳುತ್ತಾರೆ. ಮುಖಪುಟ ಬೇರೆ ಫೈಲ್: ಹಿಂಪುಟ, ಬೆನ್ನು, ಮುಂಪುಟ ಒಂದೇ ಹಾಳೆಯಲ್ಲಿ. ಬೆನ್ನಿನ ದಪ್ಪ ಹೀಗೆ ಲೆಕ್ಕ ಹಾಕಿ. 64 ಪುಟ ಅಂದರೆ 32 ಹಾಳೆ. ಹಾಳೆ 0.14 ಮಿ.ಮೀ. ದಪ್ಪ ಇದ್ದರೆ ಬೆನ್ನು ಸುಮಾರು 4.5 ಮಿ.ಮೀ. ಇಷ್ಟು ತೆಳುವಾದ ಬೆನ್ನಿನ ಮೇಲೆ ಹೆಸರು ಹಾಕುವ ಆಸೆ ಬಿಡಿ, ಸ್ವಲ್ಪ ಸರಿದರೂ ಮುಖಪುಟಕ್ಕೆ ಬಂದು ಕೂರುತ್ತದೆ. ಕೊನೆಯ ಅಳತೆ ಮುದ್ರಕರಿಂದಲೇ ಪಡೆಯಿರಿ.

ಆಮೇಲೆ ಒಂದೇ ಒಂದು ಪ್ರತಿ ಹಾಕಿಸಿ, ಅದೇ ಕಾಗದ, ಅದೇ ಬೈಂಡಿಂಗ್. ಇದೇ ಪ್ರೂಫ್. ಹಗಲು ಬೆಳಕಿನಲ್ಲಿ ನೋಡಿ. ಮೊದಲ ಸಲ ಫೋಟೋ ನೋಡಬೇಡಿ, ಬರೀ ಮಡಿಕೆ ಮತ್ತು ಅಂಚು. ಎರಡನೇ ಸಲ ಚರ್ಮದ ಬಣ್ಣ ಮತ್ತು ನೆರಳು. ಮೂರನೇ ಸಲ ಅಕ್ಷರ, ಅದನ್ನು ಮಾತ್ರ ಬೇರೆಯವರಿಂದ ಓದಿಸಿ. ನಾವೇ ಬರೆದದ್ದು ನಮಗೆ ಯಾವಾಗಲೂ ಸರಿಯಾಗೇ ಕಾಣುತ್ತದೆ. ಪ್ರೂಫಿನ ಮೇಲೇ ಪೆನ್ನಿನಿಂದ ಗೀಚಿ.

ಪ್ರಕಟಿಸುವುದು

ಸ್ವಂತ ಪ್ರಕಾಶನ ಅಂದರೆ ಕೀಳು ಅಂತ ಯಾರಾದರೂ ಹೇಳಿದರೆ ಫೋಟೋ ಪುಸ್ತಕದ ಚರಿತ್ರೆ ನೋಡಲು ಹೇಳಿ. ಫೋಟೋಗಳಿಂದ ಕೂಡಿದ ಮೊದಲ ಪುಸ್ತಕ ಎಂದು ಹೆಸರಾದದ್ದನ್ನು ಇಂಗ್ಲೆಂಡಿನ ಆನ್ನಾ ಅಟ್ಕಿನ್ಸ್ 1843ರಲ್ಲಿ ಶುರು ಮಾಡಿದರು, ತಾವೇ. ಪಾಚಿಗಳ ನೀಲಿ ಅಚ್ಚುಗಳನ್ನು ಸೂರ್ಯನ ಬೆಳಕಿನಲ್ಲಿ ತೆಗೆದು, ಅಕ್ಷರವನ್ನೂ ಕೈಬರಹದಲ್ಲೇ ಅಚ್ಚಾಗಿಸಿ, ಕಂತು ಕಂತಾಗಿ ಗೆಳೆಯರಿಗೆ ಹಂಚಿದರು. ಮುಗಿಯಲು ಹತ್ತು ವರ್ಷ ಹಿಡಿಯಿತು. 1963ರಲ್ಲಿ ಅಮೆರಿಕದ ಎಡ್ ರುಶೇ ಪೆಟ್ರೋಲ್ ಬಂಕುಗಳ 26 ಫೋಟೋಗಳ ತೆಳು ಪುಸ್ತಕವನ್ನು ಸ್ವಂತವಾಗಿ ಹೊರತಂದಾಗ ಮೊದಲ ಮುದ್ರಣ 400 ಪ್ರತಿ.

ನಿಮಗೆ ನಾಲ್ಕು ಪ್ರತಿ ಸಾಕೋ ನಾನೂರು ಬೇಕೋ ಎಂಬುದರ ಮೇಲೆ ಯಂತ್ರ ನಿಂತಿದೆ. ಡಿಜಿಟಲ್ ಮುದ್ರಣದಲ್ಲಿ ಒಂದು ಪ್ರತಿಯೂ ತೆಗೆಯಬಹುದು, ಪ್ರತಿಯೊಂದಕ್ಕೂ ಹೆಚ್ಚುಕಮ್ಮಿ ಒಂದೇ ಖರ್ಚು. ಆಫ್‌ಸೆಟ್‌ನಲ್ಲಿ ಮೊದಲು ಪ್ಲೇಟ್ ಮಾಡುವ ಖರ್ಚು ಬೀಳುತ್ತದೆ, ಪ್ರತಿ ಹೆಚ್ಚಾದಷ್ಟೂ ಅದು ಹಂಚಿಹೋಗುತ್ತದೆ. ಕೆಲವು ನೂರು ಪ್ರತಿ ದಾಟಿದ ಮೇಲೆ ಆಫ್‌ಸೆಟ್ ಅಗ್ಗವಾಗತೊಡಗುತ್ತದೆ. ಎರಡಕ್ಕೂ ದರ ಕೇಳಿ, ಪಕ್ಕಪಕ್ಕ ಬರೆದು ನೋಡಿ. ಆರ್ಡರ್ ಬಂದಾಗ ಮಾತ್ರ ಅಚ್ಚು ಹಾಕುವ ಸೇವೆಯಾದರೆ ಮಂಚದ ಕೆಳಗೆ ಪೆಟ್ಟಿಗೆ ತುಂಬಿಕೊಳ್ಳುವುದು ತಪ್ಪುತ್ತದೆ. ಪ್ರತಿಯ ಬೆಲೆ ಮಾತ್ರ ಜಾಸ್ತಿ.

ಐಎಸ್‌ಬಿಎನ್ ಎಂಬ 13 ಅಂಕಿಯ ಸಂಖ್ಯೆ ಬೇಕಾಗುವುದು ಅಂಗಡಿ ಮತ್ತು ಗ್ರಂಥಾಲಯಕ್ಕೆ ಹೋಗುವ ಪುಸ್ತಕಕ್ಕೆ. ಮನೆಯವರಿಗೆ ಹಂಚುವುದಕ್ಕೆ ಬೇಡ. ಗಟ್ಟಿ ರಟ್ಟಿನದು ಒಂದು, ತೆಳು ರಟ್ಟಿನದು ಒಂದು ಮಾಡಿದರೆ ಎರಡಕ್ಕೂ ಬೇರೆ ಬೇರೆ ಸಂಖ್ಯೆ ಬೇಕು. ಅದು ಇರಲಿ ಬಿಡಲಿ, ಕೊನೆಯ ಪುಟದಲ್ಲಿ ವರ್ಷ, ಹಕ್ಕು ಯಾರದು, ಕಾಗದ ಯಾವುದು, ಎಷ್ಟು ಪ್ರತಿ ಎಂದು ಹಾಕಿ. ಕಡಿಮೆ ಪ್ರತಿಯಾದರೆ ಪೆನ್ಸಿಲಿನಲ್ಲಿ ನಂಬರ್ ಬರೆಯಿರಿ, ನೋಡಲು ಖುಷಿ.

ಪುಸ್ತಕಗಳ ಪೆಟ್ಟಿಗೆ ಬಂದ ದಿನ ಇನ್ನೊಂದು ಕೆಲಸ ಉಳಿದಿರುತ್ತದೆ. ಕೊನೆಯ ಪಿಡಿಎಫ್, ಲೇಔಟ್ ಫೈಲ್, ಬಳಸಿದ ಫಾಂಟ್‌ಗಳು, ತಿದ್ದಿದ ಫೋಟೋಗಳು, ಮುದ್ರಕರಿಗೆ ಕೊಟ್ಟ ವಿವರ, ಎಲ್ಲ ಒಂದೇ ಫೋಲ್ಡರಿನಲ್ಲಿ ಹಾಕಿ ಎರಡು ಕಡೆ ಇಡಿ. ಗೀಚಿದ ಪ್ರೂಫ್ ಪ್ರತಿಯನ್ನೂ ಎತ್ತಿಡಿ. ಎರಡು ವರ್ಷದ ನಂತರ ಯಾರೋ ಇನ್ನೊಂದು ಪ್ರತಿ ಬೇಕು ಅಂತ ಕೇಳುತ್ತಾರೆ, ಆಗ ಯಾವ ಕಾಗದ ಹಾಕಿದ್ದೆವು ಎಂದು ಆ ಪ್ರೂಫ್ ನೋಡಿಯೇ ಹೇಳಬೇಕಾಗುತ್ತದೆ.